ಕಂತು ಅದೇ, ಬಡ್ಡಿ ಬೇರೆ: ಸಾಲ ಸಲಹೆ ನಿಜಕ್ಕೂ ಏನು ಮಾಡುತ್ತದೆ

ಒಬ್ಬರಿಗೆ 3 ಲಕ್ಷದ ಕ್ರೆಡಿಟ್ ಕಾರ್ಡ್ ಬಾಕಿ ಇದೆ ಅನ್ನಿ. ವರ್ಷಕ್ಕೆ ಶೇ. 30ರ ಬಡ್ಡಿ. ಹೊಸದಾಗಿ ಕಾರ್ಡ್ ಉಜ್ಜದೆ ತಿಂಗಳಿಗೆ 9,000 ತಪ್ಪದೆ ಕಟ್ಟುತ್ತಾರೆ. ಮೊದಲ ತಿಂಗಳು ಆ 9,000ದಲ್ಲಿ 7,500 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು ಬರೀ 1,500. ಹೀಗೇ ಕಟ್ಟುತ್ತ ಹೋದರೆ ಸಾಲ ತೀರಲು 73 ತಿಂಗಳು ಬೇಕು, ಒಟ್ಟು ಕೈಯಿಂದ ಹೋಗುವ ಹಣ ಸುಮಾರು 6 ಲಕ್ಷ 53 ಸಾವಿರ. ಈಗ ಕಂತು ಅದೇ 9,000 ಇರಲಿ, ಬಡ್ಡಿ ಮಾತ್ರ ಶೇ. 9ಕ್ಕೆ ಇಳಿಯಲಿ. 39ನೇ ತಿಂಗಳಿಗೆ ಲೆಕ್ಕ ಚುಕ್ತಾ. ಒಟ್ಟು ಕಟ್ಟಿದ್ದು 3 ಲಕ್ಷ 47 ಸಾವಿರದ ಒಳಗೇ.

ಸಾಲ ಸಲಹೆ (ಕ್ರೆಡಿಟ್ ಕೌನ್ಸೆಲಿಂಗ್) ಅಂದರೆ ದುಂದುವೆಚ್ಚ ಬಿಡಿ ಎಂದು ಬುದ್ಧಿ ಹೇಳುವ ಕೆಲಸ ಎಂದೇ ಬಹಳ ಜನ ತಿಳಿದಿದ್ದಾರೆ. ಬುದ್ಧಿಮಾತಿಗೆ ಸಲಹೆಗಾರರ ಬಾಗಿಲಿಗೆ ಹೋಗಬೇಕಿಲ್ಲ, ನೆಂಟರೇ ಸಾಕು. ಸಲಹಾ ಸಂಸ್ಥೆ ಮಾಡುವ ಕೆಲಸ ಬ್ಯಾಂಕಿನಿಂದ ಬಡ್ಡಿ ಇಳಿಸಿಕೊಡುವುದು. ಈ ವ್ಯವಸ್ಥೆಯ ತಾಕತ್ತು ಇರುವುದು ಮೇಲಿನ ಎರಡು ಲೆಕ್ಕಗಳ ನಡುವಿನ 3 ಲಕ್ಷದ ಅಂತರದಲ್ಲಿ. ಆದ್ದರಿಂದ ಯಾವ ಸಂಸ್ಥೆಯ ಮುಂದೆ ಕೂತರೂ ಕೇಳಬೇಕಾದ್ದು ಮೂರೇ ಅಂಕಿ: ಬಡ್ಡಿ ಎಷ್ಟಕ್ಕೆ ಇಳಿಯುತ್ತದೆ, ಎಷ್ಟು ತಿಂಗಳಿಗೆ ಮುಗಿಯುತ್ತದೆ, ನಿಮ್ಮ ಶುಲ್ಕವೂ ಸೇರಿ ನಾನು ಒಟ್ಟು ಎಷ್ಟು ಕಟ್ಟುತ್ತೇನೆ. ಈ ಮೂರಕ್ಕೆ ಉತ್ತರ ಕೊಡದೆ ‘ನಿಮ್ಮ ಚಿಂತೆ ನಮಗೆ ಬಿಡಿ’ ಎನ್ನುವವರ ಹತ್ತಿರ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಬ್ಯಾಂಕು ಬಡ್ಡಿಯನ್ನು ಯಾಕೆ ಇಳಿಸುತ್ತದೆ? ದಾಕ್ಷಿಣ್ಯಕ್ಕಂತೂ ಅಲ್ಲ. ಕಾರ್ಡ್ ಬಾಕಿ, ಪರ್ಸನಲ್ ಲೋನ್‌ಗಳ ಹಿಂದೆ ಅಡಮಾನ ಇರುವುದಿಲ್ಲ. ಸಾಲ ಪಡೆದವರು ಕೈಚೆಲ್ಲಿ ಕೂತರೆ ವಸೂಲಿಗೆ, ಕೋರ್ಟಿಗೆ ಖರ್ಚು. ದಿವಾಳಿ ಅರ್ಜಿ ಹಾಕಿದರೆ ಸಿಗುವುದು ಚಿಲ್ಲರೆ. ಅದರ ಬದಲು ಮೂರನೆಯವರೊಬ್ಬರು ಆದಾಯ–ಖರ್ಚು ಪರಿಶೀಲಿಸಿ, ‘ಇವರಿಂದ ತಿಂಗಳಿಗೆ ಇಷ್ಟು ಬರುತ್ತದೆ, ಇಷ್ಟು ತಿಂಗಳಲ್ಲಿ ಅಸಲು ಪೂರ್ತಿ ತೀರುತ್ತದೆ’ ಎಂದು ಕಾಗದದ ಮೇಲೆ ಕೊಟ್ಟರೆ ಬ್ಯಾಂಕಿಗೂ ಅದೇ ಲಾಭ. ಈ ಪದ್ಧತಿ ಬೇರೂರಿರುವ ಅಮೆರಿಕದಂಥ ಕಡೆ ದೊಡ್ಡ ಬ್ಯಾಂಕುಗಳು ಸಲಹಾ ಸಂಸ್ಥೆಗಳ ಮೂಲಕ ಬರುವವರಿಗೆಂದೇ ರಿಯಾಯಿತಿ ದರ ಮೊದಲೇ ಗೊತ್ತು ಮಾಡಿಟ್ಟಿರುತ್ತವೆ. ಸಲಹೆಗಾರರು ಚೌಕಾಸಿ ಮಾಡಿ ಗೆದ್ದು ತರುವುದಕ್ಕಿಂತ ಆ ಪಟ್ಟಿಯೊಳಕ್ಕೆ ನಿಮ್ಮನ್ನು ಸೇರಿಸುವುದೇ ಹೆಚ್ಚು. ಒಂದೇ ಕಾರ್ಡಿನ ಸಾಲವಿದ್ದರೆ ಬ್ಯಾಂಕಿಗೆ ನೇರವಾಗಿ ಫೋನ್ ಮಾಡಿ, ಕಷ್ಟದಲ್ಲಿರುವ ಗ್ರಾಹಕರಿಗೆ ಏನು ಯೋಜನೆ ಇದೆ ಎಂದು ಕೇಳಿದರೂ ಕೆಲವೊಮ್ಮೆ ಕೆಲಸ ಆಗುತ್ತದೆ. ನಾಲ್ಕೈದು ಕಡೆ ಬಾಕಿ ಇದ್ದಾಗ ನಡುವೆ ಒಬ್ಬರು ಬೇಕೆನಿಸುತ್ತದೆ.

ಮೊದಲ ಭೇಟಿಯಲ್ಲಿ ಏನು ನಡೆಯಬೇಕು

ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಪ್ರತಿ ಸಾಲದ ಇತ್ತೀಚಿನ ಸ್ಟೇಟ್‌ಮೆಂಟ್, ಕ್ರೆಡಿಟ್ ರಿಪೋರ್ಟ್ (ಸಾಲ ಪಡೆದು ತೀರಿಸಿದ ಇತಿಹಾಸದ ದಾಖಲೆ). ಇಷ್ಟಿಲ್ಲದೆ ಕೂತ ಸಲಹೆ ಹರಟೆ ಮಾತ್ರ. ಪ್ರತಿ ಸಾಲಕ್ಕೂ ಬಾಕಿ, ಬಡ್ಡಿ ದರ, ಕನಿಷ್ಠ ಕಂತು, ಗಡುವಿನ ದಿನ, ಎಷ್ಟು ಕಂತು ಹಿಂದೆ ಬಿದ್ದಿದೆ, ಕೊನೆಯ ಸಲ ಕಟ್ಟಿದ್ದು ಯಾವಾಗ, ಅಡಮಾನ ಅಥವಾ ಜಾಮೀನುದಾರರು ಇದ್ದಾರೆಯೇ ಎಂದು ಒಂದು ಸಾಲು ಬರೆದಿಟ್ಟುಕೊಂಡು ಹೋದರೆ ಅರ್ಧ ಗಂಟೆ ಉಳಿಯುತ್ತದೆ.

ಕೊನೆಯ ಸಲ ಕಟ್ಟಿದ ದಿನಾಂಕ ಕೇಳಲು ಕಾರಣವಿದೆ. ಹಳೆಯ ಸಾಲಕ್ಕೆ ಕೋರ್ಟಿನಲ್ಲಿ ದಾವೆ ಹೂಡಲು ಕಾಲಮಿತಿ ಇರುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿ ಮುಗಿಯುವ ಮೊದಲು ಸಾಲ ಒಪ್ಪಿಕೊಂಡು ಸಹಿ ಹಾಕಿದ ಪತ್ರ ಕೊಟ್ಟರೆ, ಅಥವಾ ‘ಸದ್ಯಕ್ಕೆ ಇಷ್ಟು ಇರಲಿ’ ಎಂದು ಒಂದಿಷ್ಟು ಕಟ್ಟಿದರೆ, ಮೂರು ವರ್ಷದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಇದು ತಪ್ಪಿಸಿಕೊಳ್ಳುವ ಉಪಾಯ ಎಂದು ಹೇಳುತ್ತಿಲ್ಲ. ಆದರೆ ಯಾವ ಸಾಲ ಎಷ್ಟು ಹಳೆಯದು ಎಂದು ನೋಡದೆ ಎಲ್ಲದಕ್ಕೂ ಸಮನಾಗಿ ಹಣ ಹಂಚುವ ಸಲಹೆಗಾರರಿಗೆ ಕಸುಬು ಗೊತ್ತಿಲ್ಲ.

ಇನ್ನೊಂದು ವಿಂಗಡಣೆಯೂ ಮೊದಲ ದಿನವೇ ಆಗಬೇಕು. ಬಾಡಿಗೆ, ವಿದ್ಯುತ್, ತೆರಿಗೆ, ಮನೆ ಅಥವಾ ವಾಹನದ ಸಾಲ ಒಂದು ಕಡೆ, ಕಾರ್ಡ್, ಪರ್ಸನಲ್ ಲೋನ್, ಆ್ಯಪ್ ಸಾಲ ಇನ್ನೊಂದು ಕಡೆ. ಮೊದಲನೆಯವು ತಪ್ಪಿದರೆ ಸೂರು ಹೋಗುತ್ತದೆ, ಗಾಡಿ ಹೋಗುತ್ತದೆ. ಎರಡನೆಯವು ತಪ್ಪಿದರೆ ಫೋನ್ ಹೆಚ್ಚು ಬರುತ್ತದೆ. ವಸೂಲಿಯವರು ಯಾರು ಜೋರಾಗಿ ಕೂಗುತ್ತಾರೋ ಅವರಿಗೇ ಮೊದಲು ಕಟ್ಟುವುದು ಮನುಷ್ಯ ಸ್ವಭಾವ. ಜೋರಾಗಿ ಕೂಗುವವರು ಸಾಮಾನ್ಯವಾಗಿ ಅಡಮಾನವಿಲ್ಲದ ಸಾಲದವರೇ.

ಆಮೇಲೆ ಬಜೆಟ್. ಸಲಹಾ ಸಂಸ್ಥೆ ಹಾಕಿಕೊಡುವ ಕಂತಿನ ಯೋಜನೆಗಳು ಮುರಿದುಬೀಳುವುದು ಬಹುತೇಕ ಇಲ್ಲಿಯೇ. ತಿಂಗಳ ಖರ್ಚು ಕೇಳಿದರೆ ಜನ ತಿಂಗಳು ತಿಂಗಳು ಬರುವ ಖರ್ಚನ್ನಷ್ಟೇ ಹೇಳುತ್ತಾರೆ. ವರ್ಷಕ್ಕೊಮ್ಮೆ ಬರುವ ವಿಮೆ, ಶಾಲಾ ಶುಲ್ಕ, ಗಾಡಿ ರಿಪೇರಿ, ಊರಿಗೆ ಹೋಗಿಬರುವ ಖರ್ಚು ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಇವೆಲ್ಲ ಸೇರಿ ವರ್ಷಕ್ಕೆ 60,000 ಆದರೆ ತಿಂಗಳಿಗೆ 5,000 ಎತ್ತಿಡಬೇಕು. ಕಾಗದದ ಮೇಲೆ 9,000 ಮಿಗುತ್ತದೆ ಎಂದು ಕಂಡವರ ನಿಜವಾದ ಮಿಗತಾಯ ಹಾಗಾದರೆ 4,000. ಅವರನ್ನು 9,000ದ ಕಂತಿಗೆ ಒಪ್ಪಿಸಿದರೆ ವಿಮೆಯ ಕಂತು ಬಂದ ತಿಂಗಳು ಯೋಜನೆ ನಿಂತುಹೋಗುತ್ತದೆ. ನಿಂತಮೇಲೆ ಬ್ಯಾಂಕು ಕೊಟ್ಟ ಬಡ್ಡಿ ರಿಯಾಯಿತಿಯೂ ಹೋಗುತ್ತದೆ.

ಆ 4,000ದಿಂದ 3 ಲಕ್ಷ ತೀರಿಸಬಹುದೇ? ಇಂಥ ಯೋಜನೆಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷದವು. ಶೇ. 9ರ ಬಡ್ಡಿಯಲ್ಲಿ 60 ತಿಂಗಳಿಗೆ ಮುಗಿಸಲು ತಿಂಗಳಿಗೆ ಸುಮಾರು 6,230 ಬೇಕು. ಬಡ್ಡಿಯನ್ನು ಪೂರ್ತಿ ಸೊನ್ನೆಗೆ ಇಳಿಸಿದರೂ 5,000 ಬೇಕು. ಅಂದರೆ 4,000 ಮಿಗುವವರಿಗೆ ಯಾವ ರಿಯಾಯಿತಿ ಕೊಟ್ಟರೂ ಲೆಕ್ಕ ಕೂಡುವುದಿಲ್ಲ. ಖರ್ಚಿನಲ್ಲಿ ಇನ್ನೂ 2,230ರಷ್ಟು ಕಡಿತ ಸಾಧ್ಯವೇ, ಆದಾಯ ಏರುವ ದಾರಿ ಇದೆಯೇ, ಮಾರಬಹುದಾದ ಆಸ್ತಿ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ‘ನಿಮಗೆ ಕಂತಿನ ಯೋಜನೆ ಹೊಂದುವುದಿಲ್ಲ, ದಿವಾಳಿ ಕಾನೂನು ತಿಳಿದ ವಕೀಲರನ್ನು ನೋಡಿ’ ಎಂದು ಹೇಳಬೇಕು. ಇದನ್ನು ಬಾಯಿಬಿಟ್ಟು ಹೇಳುವ ಸಲಹೆಗಾರರೇ ನಂಬಲರ್ಹರು. ಬಂದವರನ್ನೆಲ್ಲ ಯೋಜನೆಗೆ ಸೇರಿಸುವ ಸಂಸ್ಥೆ ಸಲಹೆ ಕೊಡುತ್ತಿಲ್ಲ, ವ್ಯಾಪಾರ ಮಾಡುತ್ತಿದೆ.

ಇದಕ್ಕೆ ತದ್ವಿರುದ್ಧದ ಸ್ಥಿತಿಯೂ ಉಂಟು. ಕಂತು ಇನ್ನೂ ತಪ್ಪಿಲ್ಲ, ತಿಂಗಳಿಗೆ ಚೆನ್ನಾಗಿಯೇ ಮಿಗುತ್ತದೆ, ಹಣ ಎಲ್ಲಿ ಸೋರುತ್ತಿದೆ ಎಂಬುದಷ್ಟೇ ಗೊತ್ತಿಲ್ಲ. ಇವರಿಗೆ ಯೋಜನೆಯೂ ಬೇಡ, ಶುಲ್ಕವೂ ಬೇಡ. ಎಲ್ಲ ಕಾರ್ಡಿಗೂ ಕನಿಷ್ಠ ಕಂತು ಕಟ್ಟಿ, ಉಳಿದದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲದ ಮೇಲೆ ಹಾಕುವುದು. ಲೆಕ್ಕದಲ್ಲಿ ಇದೇ ಅಗ್ಗ. ಚಿಕ್ಕ ಸಾಲವನ್ನು ಮೊದಲು ಮುಗಿಸಿದರೆ ಬಡ್ಡಿ ಸ್ವಲ್ಪ ಹೆಚ್ಚು ಹೋದೀತು, ಆದರೆ ಪಟ್ಟಿಯಲ್ಲಿ ಒಂದು ಹೆಸರು ಬೇಗ ಅಳಿಯುತ್ತದೆ. ಹುರುಪು ಬೇಗ ಕುಗ್ಗುವವರಿಗೆ ಅದೂ ಆಗಬಹುದು. ಕನಿಷ್ಠ ಕಂತನ್ನೇ ನೆಚ್ಚಿಕೊಳ್ಳುವುದು ಮಾತ್ರ ಬೇಡ: ಆ ತಿಂಗಳ ಬಡ್ಡಿಯ ಜತೆಗೆ ಬಾಕಿಯ ಶೇ. 1 ಎಂಬ ಲೆಕ್ಕದ ಕನಿಷ್ಠ ಕಂತಿನಲ್ಲಿ ಅಸಲು ಅರ್ಧಕ್ಕೆ ಇಳಿಯಲು 69 ತಿಂಗಳು ಹಿಡಿಯುತ್ತದೆ.

ಯೋಜನೆಗೆ ಸೇರಿದ ಮೇಲೆ

ಸಾಲ ನಿರ್ವಹಣಾ ಯೋಜನೆ ಎನ್ನುವ ಈ ಏರ್ಪಾಡಿನಲ್ಲಿ ಹೊಸ ಸಾಲ ಹುಟ್ಟುವುದಿಲ್ಲ. ತಿಂಗಳಿಗೊಮ್ಮೆ ಸಂಸ್ಥೆಗೆ ಒಂದೇ ಮೊತ್ತ ಕಟ್ಟುತ್ತೀರಿ. ಅವರು ಅದನ್ನು ಪಾಲು ಮಾಡಿ ಪ್ರತಿ ಬ್ಯಾಂಕಿಗೂ ಕಳಿಸುತ್ತಾರೆ. ಅಸಲಿನಲ್ಲಿ ಕಡಿತವಿಲ್ಲ, ಬಡ್ಡಿ ಮತ್ತು ದಂಡದಲ್ಲಷ್ಟೇ ರಿಯಾಯಿತಿ. ಯೋಜನೆಯೊಳಗಿನ ಕಾರ್ಡುಗಳನ್ನು ಮುಚ್ಚಬೇಕಾಗುತ್ತದೆ, ಹೊಸ ಸಾಲ ಮಾಡುವಂತಿಲ್ಲ. ಅಡಮಾನದ ಸಾಲ ಇದರೊಳಗೆ ಬರುವುದಿಲ್ಲ.

ಮೊದಲ ಎರಡು ತಿಂಗಳು ಅತಿ ಸೂಕ್ಷ್ಮ. ಸಂಸ್ಥೆ ಪ್ರಸ್ತಾವ ಕಳಿಸುತ್ತದೆ, ಪ್ರತಿ ಬ್ಯಾಂಕೂ ತನ್ನದೇ ವೇಗದಲ್ಲಿ ಉತ್ತರಿಸುತ್ತದೆ. ಅಷ್ಟರಲ್ಲಿ ‘ಇನ್ನು ಸಂಸ್ಥೆಯವರು ನೋಡಿಕೊಳ್ಳುತ್ತಾರೆ’ ಎಂದು ಕೈಕಟ್ಟಿ ಕೂತರೆ ಖಾತೆ ಒಂದು ಕಂತು ಹಿಂದೆ ಬೀಳುತ್ತದೆ. ಪ್ರಸ್ತಾವ ಒಪ್ಪಿದ ಸಂದೇಶ ಬರುವವರೆಗೂ ಕೈಲಾದರೆ ಕನಿಷ್ಠ ಕಂತನ್ನು ತಾವೇ ಕಟ್ಟುತ್ತಿರಬೇಕು. ಬ್ಯಾಂಕ್ ಖಾತೆಗೆ ಮೊದಲೇ ಕೊಟ್ಟಿದ್ದ ಆಟೋ ಪೇ ಆದೇಶಗಳನ್ನು ಯಾವ ದಿನ ನಿಲ್ಲಿಸಬೇಕು ಎಂಬುದನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ಹಣ ಹೋಗಿ, ಮೂರನೆಯ ಚೆಕ್ ವಾಪಸಾಗುತ್ತದೆ.

ದಿನಾಂಕದ ತೊಡಕು ಇನ್ನೊಂದು. ಸಂಬಳ 5ಕ್ಕೆ, ಸಂಸ್ಥೆಗೆ ಕಟ್ಟುವುದು 7ಕ್ಕೆ, ಸಂಸ್ಥೆ ಬ್ಯಾಂಕುಗಳಿಗೆ ಕಳಿಸುವುದು 12ಕ್ಕೆ, ಒಂದು ಕಾರ್ಡಿನ ಗಡುವು 10ಕ್ಕೆ. ಆ ಕಾರ್ಡಿನಲ್ಲಿ ಪ್ರತಿ ತಿಂಗಳೂ ಎರಡು ದಿನ ತಡ, ಪ್ರತಿ ತಿಂಗಳೂ ದಂಡ ಬೀಳಬಹುದು. ಆ ಗಡುವನ್ನು 18ಕ್ಕೋ 20ಕ್ಕೋ ಸರಿಸಿಕೊಡುವಂತೆ ಬ್ಯಾಂಕನ್ನು ಕೇಳಿ ಮಾಡಿಸುವುದು ಸಲಹೆಗಾರರ ಕೆಲಸ. ಮಾಡಿದ್ದಾರೋ ಇಲ್ಲವೋ ನೋಡುವುದು ನಿಮ್ಮ ಕೆಲಸ. ಮೊದಲ ಮೂರು ತಿಂಗಳು ಪ್ರತಿ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ತೆರೆದು ಮೂರು ಸಾಲು ಓದಿದರೆ ಸಾಕು: ಹಣ ಜಮೆಯಾದ ದಿನ, ಹಾಕಿರುವ ಬಡ್ಡಿ ದರ, ದಂಡ ಇದೆಯೇ ಇಲ್ಲವೇ. ದರ ಇನ್ನೂ ಶೇ. 30 ಎಂದೇ ಇದ್ದರೆ ಆ ಬ್ಯಾಂಕು ಪ್ರಸ್ತಾವ ಒಪ್ಪಿಲ್ಲ ಎಂದರ್ಥ.

ಹಿಂದೆ ಬಿದ್ದ ಖಾತೆಗಳಿಗೆ ಅಮೆರಿಕದ ಬ್ಯಾಂಕ್ ನಿಯಂತ್ರಕರ ನಿಯಮದಲ್ಲಿ ಒಂದು ಅನುಕೂಲವಿದೆ. ಸತತ ಮೂರು ಕಂತು ಸರಿಯಾಗಿ ಕಟ್ಟಿದವರ ಖಾತೆಯನ್ನು ‘ಬಾಕಿ ಇಲ್ಲದ್ದು’ ಎಂದು ಮತ್ತೆ ನಮೂದಿಸಲು ಬ್ಯಾಂಕಿಗೆ ಅವಕಾಶ ಇದೆ. ಅವಕಾಶ ಅಷ್ಟೇ, ಕಡ್ಡಾಯವಲ್ಲ. ಆದ್ದರಿಂದ ಕೇಳಬೇಕು.

ಸಾಲವನ್ನು ಮುಚ್ಚಿಟ್ಟು ಬರುವವರೂ ಕಡಿಮೆಯಿಲ್ಲ. ಗೆಳೆಯರಿಂದ ತಂದ ಕೈಸಾಲ, ಮನೆಯವರಿಗೆ ಗೊತ್ತಿಲ್ಲದ ಆ್ಯಪ್ ಸಾಲ ಪಟ್ಟಿಗೆ ಬರುವುದೇ ಇಲ್ಲ. ಎರಡನೇ ತಿಂಗಳಿಗೆ ಅದೇ ಯೋಜನೆಯ ಕಂತನ್ನು ನುಂಗುತ್ತದೆ. ಒಂದು ಕಾರ್ಡನ್ನು ‘ತುರ್ತಿಗೆ ಇರಲಿ’ ಎಂದು ಹೊರಗಿಡುವುದೂ ಇದೇ ಜಾತಿಯ ತಪ್ಪು. ತುರ್ತಿಗೆ ಬೇಕಾದ್ದು ಕಾರ್ಡಲ್ಲ, ನಗದು. ಯೋಜನೆಯ ಕಂತನ್ನು 9,000ದ ಬದಲು 8,000 ಮಾಡಿ, ಉಳಿದ 1,000ವನ್ನು ಪ್ರತ್ಯೇಕ ಖಾತೆಯಲ್ಲಿ ಸೇರಿಸುತ್ತ ಹೋದರೆ ಅವಧಿ ಐದಾರು ತಿಂಗಳು ಬೆಳೆಯಬಹುದು, ಆದರೆ ಯೋಜನೆ ಉಳಿಯುತ್ತದೆ. ಆ ಖಾತೆ, ಸಂಬಳದ ಖಾತೆ ಎರಡೂ ನೀವು ಬಾಕಿ ಉಳಿಸಿಕೊಂಡ ಬ್ಯಾಂಕಿನಲ್ಲಿ ಇರದಿದ್ದರೆ ಒಳ್ಳೆಯದು. ಠೇವಣಿಯಲ್ಲಿರುವ ಹಣವನ್ನು ತನ್ನ ಬಾಕಿಗೆ ವಜಾ ಹಾಕಿಕೊಳ್ಳುವ ಹಕ್ಕು ಹಲವು ದೇಶಗಳಲ್ಲಿ ಬ್ಯಾಂಕಿಗೆ ಇರುತ್ತದೆ.

ಜಾಮೀನು ಹಾಕಿದವರನ್ನು ಈ ಯೋಜನೆ ಕಾಪಾಡುವುದಿಲ್ಲ ಎಂಬುದನ್ನು ಅವರಿಗೆ ಮೊದಲೇ ತಿಳಿಸುವುದು ಮರ್ಯಾದೆ.

‘ಅರ್ಧಕ್ಕೆ ಮುಗಿಸಿಕೊಡುತ್ತೇವೆ’

ಸಾಲ ಸಲಹೆ ಎಂಬ ಫಲಕದ ಕೆಳಗೇ ಇನ್ನೊಂದು ವ್ಯವಹಾರ ನಡೆಯುತ್ತದೆ, ಸೆಟ್ಲ್‌ಮೆಂಟ್. ಜಾಹೀರಾತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇಲ್ಲಿ ಮೊದಲ ಸೂಚನೆಯೇ ಕಂತು ನಿಲ್ಲಿಸಿ ಎಂಬುದು. ಬ್ಯಾಂಕು ಹೆದರಲಿ, ಆಮೇಲೆ ಅರ್ಧಕ್ಕೆ ಮಾತಾಡೋಣ ಎಂಬುದು ತರ್ಕ. ಅಲ್ಲಿಯವರೆಗೆ ಅವರು ಹೇಳಿದ ಖಾತೆಯಲ್ಲಿ ಹಣ ಕೂಡಿಡುತ್ತೀರಿ.

ಲೆಕ್ಕ ಹಾಕಿ ನೋಡೋಣ. 3 ಲಕ್ಷದ ಬಾಕಿ, ಶೇ. 30ರ ಬಡ್ಡಿ, ಒಂದು ವರ್ಷ ಏನೂ ಕಟ್ಟಿಲ್ಲ. ದಂಡವನ್ನು ಬಿಟ್ಟರೂ ಬಾಕಿ 4 ಲಕ್ಷ 3 ಸಾವಿರ ದಾಟುತ್ತದೆ. ಅದರ ಅರ್ಧಕ್ಕೆ ಒಪ್ಪಂದವಾದರೆ ಸುಮಾರು 2 ಲಕ್ಷ 2 ಸಾವಿರ. ಮೂಲ ಸಾಲದ ಶೇ. 20 ಎಂದು ಶುಲ್ಕ ಹಿಡಿದರೆ ಇನ್ನೂ 60,000. ಒಟ್ಟು 2 ಲಕ್ಷ 62 ಸಾವಿರ, ಅಂದರೆ ಮೂಲ ಸಾಲದ ಶೇ. 87. ‘ಅರ್ಧ’ ಎಂಬುದು ಎಲ್ಲಿ ಹೋಯಿತು? ಇದರ ಮೇಲೆ ಒಂದು ವರ್ಷದ ವಸೂಲಿ ಕಾಟ, ದಾವೆಯ ಭಯ, ಕ್ರೆಡಿಟ್ ರಿಪೋರ್ಟಿನಲ್ಲಿ ‘ಸೆಟಲ್ಡ್’ ಎಂಬ ಗುರುತು. ಪೂರ್ತಿ ಕಟ್ಟಿ ಮುಚ್ಚಿದ ಖಾತೆಗೆ ಬರುವ ‘ಕ್ಲೋಸ್ಡ್’ ಬೇರೆ, ಇದು ಬೇರೆ. ಮುಂದೆ ಸಾಲ ಕೊಡುವವರು ಈ ಗುರುತನ್ನು ಓದುವುದು ‘ಇವರು ಪೂರ್ತಿ ಕಟ್ಟಲಿಲ್ಲ’ ಎಂದೇ. ಅಮೆರಿಕದಲ್ಲಾದರೆ ಮನ್ನಾ ಆದ ಮೊತ್ತವನ್ನು ಸಾಮಾನ್ಯವಾಗಿ ಆದಾಯ ಎಂದು ಪರಿಗಣಿಸುತ್ತಾರೆ, ಅದರ ಮೇಲೆ ತೆರಿಗೆಯೂ ಬೀಳಬಹುದು.

ಸೆಟ್ಲ್‌ಮೆಂಟ್ ಯಾವಾಗಲೂ ಮೋಸ ಎನ್ನಲಾಗದು. ಕಂತು ಈಗಾಗಲೇ ಬಹುಕಾಲದಿಂದ ನಿಂತಿದ್ದು, ಕೈಗೆ ಒಮ್ಮೆಲೇ ಒಂದು ಮೊತ್ತ ಬಂದಿದ್ದರೆ ಬ್ಯಾಂಕಿನ ಜತೆ ನೇರವಾಗಿ ಮಾತಾಡಿ ಮುಗಿಸುವುದು ಸರಿಯಾದ ದಾರಿಯೇ ಇರಬಹುದು. ಅದಕ್ಕೆ ನಡುವೆ ಶೇ. 20 ಕೊಟ್ಟು ಇನ್ನೊಬ್ಬರನ್ನು ಕೂರಿಸಿಕೊಳ್ಳುವ ಅಗತ್ಯ ಅಪರೂಪ. ಹಣ ಕಟ್ಟುವ ಮೊದಲು ಮೊತ್ತ, ಗಡುವು, ಉಳಿದದ್ದು ಮನ್ನಾ ಎಂಬ ಮಾತು ಮೂರೂ ಇರುವ ಪತ್ರ ಬ್ಯಾಂಕಿನಿಂದ ಕೈಗೆ ಬಂದಿರಬೇಕು. ಫೋನಿನಲ್ಲಿ ಆದ ಒಪ್ಪಂದ ಒಪ್ಪಂದವಲ್ಲ.

ಎಲ್ಲ ಬಾಕಿಯನ್ನೂ ತೀರಿಸಲು ಒಂದು ದೊಡ್ಡ ಸಾಲ ಎತ್ತುವ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಸ ದರ ನಿಜಕ್ಕೂ ಕಡಿಮೆ ಇದ್ದು, ಹಳೆಯ ಕಾರ್ಡುಗಳು ಮುಚ್ಚಿದರೆ ಲಾಭ. ಕಾರ್ಡುಗಳು ಜೇಬಿನಲ್ಲೇ ಉಳಿದರೆ ವರ್ಷದೊಳಗೆ ಎರಡೂ ಸಾಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

ಸಲಹೆಗಾರರಿಗೆ ಸಂಬಳ ಕೊಡುವವರು ಯಾರು

ಇದು ಮುಜುಗರದ ಪ್ರಶ್ನೆ, ಆದರೂ ಕೇಳಬೇಕು. ಅಮೆರಿಕದ ರಾಷ್ಟ್ರೀಯ ಸಾಲ ಸಲಹಾ ಒಕ್ಕೂಟ ಎನ್‌ಎಫ್‌ಸಿಸಿ 1951ರಲ್ಲಿ ಶುರುವಾದಾಗಿನಿಂದಲೂ ಈ ವಲಯದ ಹಣದ ದೊಡ್ಡ ಪಾಲು ಬಂದಿರುವುದು ಸಾಲ ಕೊಟ್ಟವರಿಂದಲೇ. ವಸೂಲಾದ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕುಗಳು ಸಂಸ್ಥೆಗೆ ಮರಳಿಸುತ್ತವೆ. ಹಾಗಾಗಿ ದಿವಾಳಿ ಅರ್ಜಿಯೇ ಸೂಕ್ತ ಎಂದು ಹೇಳಿ ಕಳಿಸಿದರೆ ಸಂಸ್ಥೆಗೆ ಏನೂ ಸಿಗದು, ಯೋಜನೆಗೆ ಸೇರಿಸಿಕೊಂಡರೆ ಸಿಗುತ್ತದೆ. ಈ ಎಳೆತ ಇದ್ದೇ ಇರುತ್ತದೆ. ಲಾಭರಹಿತ ಎಂಬ ಹೆಸರೊಂದೇ ಅದನ್ನು ತಡೆಯುವುದಿಲ್ಲ. 2003ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಅಮೆರಿಡೆಟ್ ಎಂಬ ಸಾಲ ಸಲಹಾ ಸಂಸ್ಥೆಯ ಮೇಲೆ ದಾವೆ ಹೂಡಿದ ಪ್ರಕರಣದಲ್ಲಿ ಆರೋಪ ಇದ್ದದ್ದೇ ಹೀಗೆ: ಲಾಭರಹಿತ ಎಂದು ಹೇಳಿಕೊಂಡು, ಗ್ರಾಹಕರು ಕಟ್ಟಿದ ಮೊದಲ ಕಂತನ್ನು ಬ್ಯಾಂಕುಗಳಿಗೆ ಕಳಿಸದೆ ‘ಸ್ವಯಂಪ್ರೇರಿತ ದೇಣಿಗೆ’ ಎಂದು ಇಟ್ಟುಕೊಂಡಿತು. ಕಂತು ಕಟ್ಟಿದೆವೆಂದುಕೊಂಡವರಿಗೆ ಬ್ಯಾಂಕಿನಿಂದ ದಂಡ ಬಿತ್ತು. 2006ರ ಕಾನೂನಿನಲ್ಲಿ ಇಂಥ ಸಂಸ್ಥೆಗಳಿಗೆ ಸಾಲದಾತರಿಂದ ಬರುವ ವರಮಾನ ಒಟ್ಟು ವರಮಾನದ ಅರ್ಧವನ್ನು ಮೀರದಂತೆ ಮಿತಿ ಬಂತು. 2010ರ ಅಕ್ಟೋಬರ್‌ನಿಂದ, ಫೋನ್ ಮೂಲಕ ಗ್ರಾಹಕರನ್ನು ಹಿಡಿಯುವ ಸಾಲ ಪರಿಹಾರ ಕಂಪನಿಗಳು ಕೆಲಸ ಮಾಡಿಕೊಡುವ ಮೊದಲೇ ಶುಲ್ಕ ಕೀಳುವುದು ನಿಷಿದ್ಧವಾಯಿತು.

ಇದರಿಂದ ಸಿಗುವ ಪರೀಕ್ಷೆ ಸರಳ. ಮೊದಲ ತಿಂಗಳು ಕಟ್ಟಿದ ಹಣದಲ್ಲಿ ಎಷ್ಟು ಬ್ಯಾಂಕಿಗೆ ಹೋಗುತ್ತದೆ ಎಂದು ಕೇಳಿ. ಶುಲ್ಕ ಇದ್ದರೆ ತಪ್ಪೇನಿಲ್ಲ. ಮೇಲಿನ ಉದಾಹರಣೆಯಲ್ಲಿ 9,000ದಿಂದ ತಿಂಗಳಿಗೆ 500 ಶುಲ್ಕ ಹೋದರೂ ಯೋಜನೆ 39ರ ಬದಲು 42ನೇ ತಿಂಗಳಿಗೆ ಮುಗಿಯುತ್ತದೆ, ಹೆಚ್ಚುವರಿ ಖರ್ಚು ಸುಮಾರು 24 ಸಾವಿರ. ಬಡ್ಡಿಯಲ್ಲಿ ಉಳಿದ 3 ಲಕ್ಷದ ಮುಂದೆ ಅದು ಭಾರವಲ್ಲ. ಆದರೆ ಬಡ್ಡಿ ಇಳಿಯದೆ ಶುಲ್ಕ ಮಾತ್ರ ಬಿದ್ದರೆ ನೀವು ಅಂಚೆಯವರಿಗೆ ಸಂಬಳ ಕೊಡುತ್ತಿದ್ದೀರಿ, ಅಷ್ಟೇ.

ಕಾನೂನಿನ ಬೆಂಬಲ ಎಲ್ಲೆಡೆ ಒಂದೇ ಥರ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 4ರಿಂದ ‘ಬ್ರೀದಿಂಗ್ ಸ್ಪೇಸ್’ ಎಂಬ ವ್ಯವಸ್ಥೆ ಇದೆ. ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ಬಹುತೇಕ ಸಾಲಗಳ ಬಡ್ಡಿ, ದಂಡ, ವಸೂಲಿ ಕ್ರಮ ನಿಲ್ಲುತ್ತವೆ. ಅಷ್ಟರಲ್ಲಿ ಬಜೆಟ್ ಮಾಡಿ ದಾರಿ ಆರಿಸಿಕೊಳ್ಳಬಹುದು. ಮಲೇಷ್ಯಾದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕೇ 2006ರಲ್ಲಿ ಎಕೆಪಿಕೆ ಎಂಬ ಸಂಸ್ಥೆ ಕಟ್ಟಿತು. ಅಮೆರಿಕದಲ್ಲಿ 2005ರ ಕಾನೂನಿನ ಪ್ರಕಾರ ದಿವಾಳಿ ಅರ್ಜಿ ಹಾಕುವ ಹಿಂದಿನ 180 ದಿನದೊಳಗೆ ಅನುಮೋದಿತ ಸಂಸ್ಥೆಯಲ್ಲಿ ಸಲಹೆ ಪಡೆದಿರಲೇಬೇಕು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2009ರಲ್ಲಿ ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರಗಳಿಗೆ ಮಾದರಿ ಯೋಜನೆ ಹೊರಡಿಸಿತು, ಸಲಹೆ ಉಚಿತ. ಆದರೆ ಎಲ್ಲ ಬ್ಯಾಂಕುಗಳೂ ಒಪ್ಪುವ ರಿಯಾಯಿತಿ ದರದ ಪಟ್ಟಿ ಇಲ್ಲಿ ಬೆಳೆಯಲಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳ ಸಾಲದ ಭಾಗವನ್ನು 2019ರ ಡಿಸೆಂಬರ್‌ನಲ್ಲಿ ಜಾರಿಗೆ ತಂದದ್ದು ಕಂಪನಿ ಸಾಲಗಳಿಗೆ ವೈಯಕ್ತಿಕ ಜಾಮೀನು ಕೊಟ್ಟವರ ಮಟ್ಟಿಗೆ ಮಾತ್ರ. ಬೆನ್ನ ಹಿಂದೆ ಕಾನೂನಿನ ಹೆದರಿಕೆ ಇಲ್ಲದ ಕಡೆ ಸಲಹೆಗಾರರ ಮಾತಿಗೂ ತೂಕ ಕಡಿಮೆ. ಖಾಸಗಿ ಸೆಟ್ಲ್‌ಮೆಂಟ್ ಕಂಪನಿಗಳಿಗೆ ಜಾಗ ಸಿಕ್ಕಿದ್ದು ಈ ಖಾಲಿಯಲ್ಲೇ. ಅವರು ಮಾರುವ ‘ವಸೂಲಿ ಕಾಟದಿಂದ ರಕ್ಷಣೆ’ಯಲ್ಲಿ ಬಹುಪಾಲು ನಿಯಮದಲ್ಲೇ ಪುಕ್ಕಟೆ ಇದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ ಸುತ್ತೋಲೆಯಲ್ಲೇ ಹೇಳಿದೆ. ಬ್ಯಾಂಕಿಗೆ ಬರೆದ ದೂರಿಗೆ 30 ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೂ ಶುಲ್ಕವಿಲ್ಲ.

ಯೋಜನೆ ಮುಗಿಯುವ ಹೊತ್ತಿಗೆ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಕೊನೆಯ ಸ್ಟೇಟ್‌ಮೆಂಟಿನ ಮೊತ್ತ ಕಟ್ಟಿದರೂ, ಆ ಸ್ಟೇಟ್‌ಮೆಂಟ್ ಬಂದ ದಿನದಿಂದ ಹಣ ಜಮೆಯಾದ ದಿನದವರೆಗಿನ ಬಡ್ಡಿ ಮುಂದಿನ ತಿಂಗಳು ಸಣ್ಣ ಬಾಕಿಯಾಗಿ ಏಳುತ್ತದೆ. ನೂರಿನ್ನೂರರ ಆ ಬಾಕಿಯನ್ನು ಯಾರೂ ಗಮನಿಸದೆ ಮೂರು ತಿಂಗಳು ಬಿಟ್ಟರೆ ನಾಲ್ಕು ವರ್ಷ ಸರಿಯಾಗಿ ಕಟ್ಟಿದ ಖಾತೆ ರಿಪೋರ್ಟಿನಲ್ಲಿ ತಡ ಎಂದು ಬೀಳುತ್ತದೆ. ಇಂಥ ದಿನಾಂಕಕ್ಕೆ ಪೂರ್ತಿ ತೀರಲು ಎಷ್ಟು ಎಂದು ಪ್ರತಿ ಬ್ಯಾಂಕನ್ನೂ ಕೇಳಿ ಆ ಮೊತ್ತವನ್ನೇ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ತರಿಸಿಕೊಂಡು, ಎರಡು ತಿಂಗಳ ನಂತರ ಕ್ರೆಡಿಟ್ ರಿಪೋರ್ಟ್ ತೆಗೆದು ಪ್ರತಿ ಖಾತೆಯ ಮುಂದೆ ಸೊನ್ನೆ ಬಿದ್ದಿದೆಯೇ ನೋಡಬೇಕು. ಬೀಳದಿದ್ದರೆ ರಿಪೋರ್ಟ್ ಕೊಟ್ಟ ಸಂಸ್ಥೆಗೆ ಆ ಪತ್ರದ ಪ್ರತಿ ಲಗತ್ತಿಸಿ ತಕರಾರು ಹಾಕಿ.